ಮಗುವಿನ ಕಡತದಲ್ಲಿ ಎಷ್ಟು ಸಹಿ?

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಎಂದರೆ ಈಗಿನವರಿಗೆ ಒಂದು ಸರ್ಕಲ್ಲು; ಆಟೋದವರಿಗೆ ಅಷ್ಟು ಹೇಳಿದರೆ ಸಾಕು. ಆ ಹೆಸರನ್ನು ಅಲ್ಲಿಗೆ ತಂದವರು ಆರ್. ಕಲ್ಯಾಣಮ್ಮ. ಅವರು ಬಾಲವಿಧವೆ. 1921ರಲ್ಲಿ ‘ಸರಸ್ವತಿ’ ಮಾಸಪತ್ರಿಕೆ ಆರಂಭಿಸಿ ದಶಕಗಟ್ಟಲೆ ನಡೆಸಿದರು, 1938ರಲ್ಲಿ ಮಕ್ಕಳಿಗೆಂದೇ ಈ ಕೂಟ ಕಟ್ಟಿದರು. ಬಸವನಗುಡಿಯ ಅಬಲಾಶ್ರಮ ಅದಕ್ಕಿಂತಲೂ ಹಳೆಯದು, 20ನೆಯ ಶತಮಾನದ ಮೊದಲ ದಶಕದ್ದು. ಅದೇ ಕಡೆಯ ಮಹಿಳಾ ಸೇವಾ ಸಮಾಜ 1913ರದು. ಮಲ್ಲೇಶ್ವರದ ಸೇವಾಸದನದ ಹೆಸರು ಇವತ್ತು ಸಂಗೀತ, ಭರತನಾಟ್ಯದ ಆಹ್ವಾನಪತ್ರಿಕೆಗಳಲ್ಲೇ ಹೆಚ್ಚು ಕಾಣುತ್ತದೆ. ಆದರೆ ಆ ಮನೆ ಹುಟ್ಟಿದ್ದು ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ. 1898ರ ಪ್ಲೇಗಿನ ನಂತರ ಜನ ತುಂಬಿಕೊಂಡ ಈ ಬಡಾವಣೆಗಳಲ್ಲಿ ಅನಾಥ ಮಗು, ಎಳೆಯ ವಿಧವೆ, ಓದಲು ಬಂದ ಬಡ ಹುಡುಗ ಇವರನ್ನು ನೋಡಿಕೊಳ್ಳಬೇಕೆಂಬ ಯೋಚನೆ ಬಡಾವಣೆಗಳ ಜೊತೆಗೇ ಬೆಳೆಯಿತು.

ಅಂದು ಆ ಕೆಲಸ ಮಾಡಿದವರಿಗೆ ಸಂಬಳವಿರಲಿಲ್ಲ, ಇದ್ದರೂ ಹೆಸರಿಗೆ. ತರಬೇತಿಯಿಲ್ಲ, ನಮೂನೆಯಿಲ್ಲ, ತಪಾಸಣೆಯಿಲ್ಲ. ಆದರೆ ಅವರು ಇರುತ್ತಿದ್ದರು. ಹತ್ತು ವರ್ಷ, ಇಪ್ಪತ್ತು ವರ್ಷ, ಎಷ್ಟೋ ಸಲ ಬದುಕಿಡೀ. ಇದನ್ನು ಹೊಗಳಿಕೆಯಾಗಿಯಷ್ಟೇ ಓದಬಾರದು. ಯಾವ ಜಾತಿಯ ಮಗುವಿಗೆ ಯಾವ ಬಾಗಿಲು ತೆರೆಯುತ್ತಿತ್ತು, ಶಿಸ್ತಿನ ಹೆಸರಿನಲ್ಲಿ ಏನೇನು ನಡೆಯುತ್ತಿತ್ತು ಎಂದು ಕೇಳುವವರು ಇರಲಿಲ್ಲ. ಮಕ್ಕಳ ಮಾತನ್ನು ಬರೆದಿಟ್ಟವರು ಇನ್ನೂ ಕಡಿಮೆ. ಇಂದು ಕಾಯ್ದೆಯಿದೆ, ಹುದ್ದೆಯಿದೆ, ತರಬೇತಿಯಿದೆ, ಪೋರ್ಟಲ್ ಇದೆ. ಆ ಹುದ್ದೆಯಲ್ಲಿ ಮನುಷ್ಯ ಎಷ್ಟು ದಿನ ನಿಲ್ಲುತ್ತಾನೆ ಎಂಬುದು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ. ಮಕ್ಕಳ ರಕ್ಷಣೆಯ ಕೆಲಸಗಾರರ ಬಗ್ಗೆ ಹೊರಗೆ ಮತ್ತು ಇಲ್ಲಿ ನಡೆದಿರುವ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಓದಿದರೆ ನನಗೆ ಎದ್ದು ಕಾಣುವ ಕೊರತೆ ಇದೇ.

ಮೊದಲು ಹುದ್ದೆಗಳ ವಿಚಾರ. ಕರ್ನಾಟಕದಲ್ಲಿ 1964ರ ಮಕ್ಕಳ ಕಾಯ್ದೆಯಿತ್ತು. ದೇಶಕ್ಕೆಲ್ಲ ಒಂದೇ ಬಾಲನ್ಯಾಯ ಕಾಯ್ದೆ ಬಂದದ್ದು 1986ರಲ್ಲಿ. ಅದು 2000ದಲ್ಲಿ ಹೊಸದಾಗಿ ಬರೆಯಲ್ಪಟ್ಟಿತು, 2015ರಲ್ಲಿ ಮತ್ತೊಮ್ಮೆ. ಈಗಿನ ಕಾಯ್ದೆಯ ಪ್ರಕಾರ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಈ ಕ್ಷೇತ್ರದವರ ಬಾಯಲ್ಲಿ ಇದು ‘ಪ್ರೊಡ್ಯೂಸ್ ಮಾಡೋದು’. 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ ಬರಬೇಕು, ನಾಲ್ಕು ತಿಂಗಳೊಳಗೆ ಅಂತಿಮ ಆದೇಶವಾಗಬೇಕು. ಅಧ್ಯಕ್ಷರೂ ಸೇರಿ ಐವರ ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು. ಅವಧಿಗಳೆಲ್ಲ ಚೆನ್ನಾಗಿಯೇ ಇವೆ. ಆದರೆ ಆ 15 ದಿನದೊಳಗೆ ಕೆ.ಆರ್. ಮಾರುಕಟ್ಟೆಯ ಹಿಂಬದಿಯಲ್ಲಿ ಸಿಕ್ಕ ಹುಡುಗನ ಮನೆ ರಾಯಚೂರಿನಲ್ಲೋ ಅನಂತಪುರದಲ್ಲೋ ಇದ್ದರೆ ಹೋಗಿಬರುವವರು ಯಾರು? ಆ ಹುಡುಗ ತಮಿಳು, ತೆಲುಗು, ಉರ್ದು, ಬಂಗಾಳಿ ಯಾವುದನ್ನಾದರೂ ಆಡಬಹುದು. ಕೇಳಿಸಿಕೊಂಡು ಬರೆಯುವವರಿಗೂ ಆ ಭಾಷೆ ಗೊತ್ತಿರಬೇಕು.

ಇದಕ್ಕೆಂದೇ 2009ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಬಂತು, ಪ್ರತಿ ಜಿಲ್ಲೆಗೂ ಒಂದು ಮಕ್ಕಳ ರಕ್ಷಣಾ ಘಟಕ. ಅಧಿಕಾರಿ, ಇಬ್ಬರು ರಕ್ಷಣಾಧಿಕಾರಿಗಳು, ಒಬ್ಬ ಕಾನೂನು-ಪರಿವೀಕ್ಷಣಾಧಿಕಾರಿ, ಒಬ್ಬ ಆಪ್ತಸಮಾಲೋಚಕ, ಇಬ್ಬರು ಸಮಾಜಕಾರ್ಯಕರ್ತರು, ಇಬ್ಬರು ಔಟ್‌ರೀಚ್ ಕಾರ್ಯಕರ್ತರು, ಲೆಕ್ಕಕ್ಕೆ ಮತ್ತು ದತ್ತಾಂಶಕ್ಕೆ ಕೆಲವರು. ನಮೂನೆ ಎಲ್ಲ ಜಿಲ್ಲೆಗೂ ಒಂದೇ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 5.5 ಲಕ್ಷ, ಬೆಂಗಳೂರು ನಗರ ಜಿಲ್ಲೆಯದು 96 ಲಕ್ಷ. ಎರಡಕ್ಕೂ ಇಬ್ಬರು ಸಮಾಜಕಾರ್ಯಕರ್ತರು, ಇಬ್ಬರು ಔಟ್‌ರೀಚ್‌ನವರು! ಇದನ್ನು ಬರೆದ ಮೇಜಿನ ಮೇಲೆ ಭೂಪಟವಿದ್ದಿರಬಹುದು, ಜನಗಣತಿ ಮಾತ್ರ ಇರಲಿಲ್ಲವೇನೋ.

ಸಂಬಳ ನೋಡಿ. ಅದೇ ಯೋಜನೆಯ ಇಂದಿನ ರೂಪ ‘ಮಿಷನ್ ವಾತ್ಸಲ್ಯ’. ಅದರ 2022ರ ಮಾರ್ಗಸೂಚಿಯಲ್ಲಿ ಸಮಾಜಕಾರ್ಯಕರ್ತರಿಗೂ ಆಪ್ತಸಮಾಲೋಚಕರಿಗೂ ತಿಂಗಳಿಗೆ 18,536 ರೂಪಾಯಿ, ಔಟ್‌ರೀಚ್ ಕಾರ್ಯಕರ್ತರಿಗೆ 10,592. ಹುದ್ದೆಗಳು ಬಹುಮಟ್ಟಿಗೆ ಗುತ್ತಿಗೆಯವು. ಎಂ.ಎಸ್.ಡಬ್ಲ್ಯೂ. ಮುಗಿಸಿದ ಹುಡುಗಿಯೊಬ್ಬಳು ಶ್ರೀನಗರದಲ್ಲೋ ಹನುಮಂತನಗರದಲ್ಲೋ ಸಣ್ಣದೊಂದು ಮನೆ ಹಿಡಿದರೆ ಬಾಡಿಗೆಗೇ ಅದರ ಅರ್ಧ ಹೋಗುತ್ತದೆ. ಅದೇ ಪದವಿಯಲ್ಲಿ ಮಾನವ ಸಂಪನ್ಮೂಲವನ್ನು ವಿಶೇಷ ವಿಷಯವಾಗಿ ಓದಿದ ಸಹಪಾಠಿ ಪೀಣ್ಯದ ಕಾರ್ಖಾನೆಗೋ ಐಟಿ ಕಂಪನಿಗೋ ಹೋಗುತ್ತಾಳೆ. ನಮ್ಮ ಸಮಾಜಕಾರ್ಯ ವಿಭಾಗಗಳು ವರ್ಷವರ್ಷವೂ ತಯಾರಿಸುವವರಲ್ಲಿ ದೊಡ್ಡ ಪಾಲು ಆ ದಾರಿ ಹಿಡಿಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಪ್ರಾಧ್ಯಾಪಕರು ಅದನ್ನು ಅಡಗಿಸುವುದೂ ಇಲ್ಲ.

ಇನ್ನು ಸಂಶೋಧನೆ. ಅಮೆರಿಕದಲ್ಲಿ ಈ ವಿಷಯದ ಮೇಲೆ ರಾಶಿ ಕೆಲಸ ನಡೆದಿದೆ. ಹೆಚ್ಚಿನದು ಎರಡು ಪದಗಳ ಸುತ್ತ ತಿರುಗುತ್ತದೆ: ಬರ್ನ್‌ಔಟ್ ಮತ್ತು ಟರ್ನೋವರ್, ಅಂದರೆ ಬಸವಳಿಯುವುದು ಮತ್ತು ಬಿಟ್ಟುಹೋಗುವುದು. ಕ್ರಿಸ್ಟಿನಾ ಮ್ಯಾಸ್ಲಾಕ್ 1981ರಲ್ಲಿ ಬಸವಳಿಕೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಸಹೋದ್ಯೋಗಿಯೊಂದಿಗೆ ರೂಪಿಸಿದ ಮೇಲೆ ಅದನ್ನು ಹಿಡಿದುಕೊಂಡು ಹೋಗದ ಇಲಾಖೆಯಿಲ್ಲ. ಮಗುವಿನ ಮೇಲಾದ ಹಿಂಸೆಯನ್ನು ದಿನವೂ ಕೇಳುವವರಲ್ಲಿ ಆ ಆಘಾತವೇ ಇಳಿಯುತ್ತದೆಂದು ಚಾರ್ಲ್ಸ್ ಫಿಗ್ಲಿ 1990ರ ದಶಕದಲ್ಲಿ ವಾದಿಸಿದರು. 2003ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಒಂದು ವರದಿ ಕೊಟ್ಟಿತು. ವರ್ಷಕ್ಕೆ ನೂರರಲ್ಲಿ 30ರಿಂದ 40 ಮಂದಿ ಕೆಲಸ ಬಿಡುತ್ತಾರೆಂದೂ ಸರಾಸರಿ ಸೇವಾವಧಿ ಎರಡು ವರ್ಷಕ್ಕಿಂತ ಕಡಿಮೆಯೆಂದೂ ಅದರಲ್ಲಿ ಅಂದಾಜಿತ್ತು.

ಎಲ್ಲರೂ ಉಲ್ಲೇಖಿಸುವ ಅಧ್ಯಯನ ಮಿಲ್ವಾಕಿಯದು, 2005ರಲ್ಲಿ ಬಂದದ್ದು. ಪಾಲನೆಗೆ ಬಂದ ಮಗುವಿಗೆ ಒಬ್ಬರೇ ಕಾರ್ಯಕರ್ತರಿದ್ದಾಗ ಶೇಕಡಾ 74.5 ಮಕ್ಕಳು ಶಾಶ್ವತ ಕುಟುಂಬ ಸೇರಿದರು. ಇಬ್ಬರಾದಾಗ ಅದು 17.5ಕ್ಕೆ ಬಿತ್ತು, ಆರೇಳು ಮಂದಿ ಬದಲಾದಾಗ ಬಹುತೇಕ ಸೊನ್ನೆ. ಈ ಅಂಕಿಗಳನ್ನು ತೋರಿಸಿದರೆ ಸಭೆ ಮೌನವಾಗುತ್ತದೆ. ಆದರೂ ಸ್ವಲ್ಪ ತಡೆಯಬೇಕು. ಬೇಗ ಮನೆ ಸೇರುವ ಮಗುವಿನ ವಿಷಯದಲ್ಲಿ ಕಾರ್ಯಕರ್ತರು ಬದಲಾಗಲು ಸಮಯವೇ ಇರುವುದಿಲ್ಲ. ವರ್ಷಗಟ್ಟಲೆ ಉಳಿಯುವ ಕಷ್ಟದ ಪ್ರಕರಣ ಹೇಗೂ ಹಲವು ಕೈ ದಾಟುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಆ ಕೋಷ್ಟಕದಿಂದ ತೀರ್ಮಾನವಾಗುವುದಿಲ್ಲ. ಹಾಗೆಂದು ಅದನ್ನು ಎಸೆಯಲೂ ಆಗದು: 74ರಿಂದ 17ಕ್ಕೆ ಇಳಿಯುವುದನ್ನು ಕಾಲಾವಧಿಯೊಂದರ ಮೇಲೆಯೇ ಹೊರಿಸುವುದು ನನಗೆ ಕಷ್ಟ.

ನನಗೆ ಹೆಚ್ಚು ತೂಕದ್ದೆನಿಸುವುದು ಚಾರ್ಲ್ಸ್ ಗ್ಲಿಸನ್ ಮತ್ತು ಆಂಥನಿ ಹೆಮ್ಮೆಲ್‌ಗಾರ್ನ್ 1998ರಲ್ಲಿ ಪ್ರಕಟಿಸಿದ ಟೆನೆಸ್ಸೀಯ ಅಧ್ಯಯನ. 24 ಕೌಂಟಿಗಳ 32 ಕಚೇರಿಗಳು, ಅವುಗಳ ಸೇವೆ ಪಡೆದ 250 ಮಕ್ಕಳು. ಮಕ್ಕಳ ಸ್ಥಿತಿ ಸುಧಾರಿಸುವುದನ್ನು ಎಲ್ಲಕ್ಕಿಂತ ಚೆನ್ನಾಗಿ ಮುನ್ಸೂಚಿಸಿದ್ದು ಕಚೇರಿಯ ವಾತಾವರಣ: ಕೆಲಸದ ಒತ್ತಡ, ಪರಸ್ಪರ ಸಹಕಾರ, ತನ್ನ ಪಾತ್ರವೇನೆಂಬ ಸ್ಪಷ್ಟತೆ. ಇಲಾಖೆ-ಇಲಾಖೆಗಳ ನಡುವಿನ ‘ಸಮನ್ವಯ’ ಹೆಚ್ಚಿಸಿದ್ದರಿಂದ ಸೇವೆಯ ಗುಣಮಟ್ಟ ಇಳಿದಿತ್ತು. ಸಮನ್ವಯ ಸಭೆಗಳಲ್ಲೇ ದಿನ ಕಳೆಯುವ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇದನ್ನು ಗೋಡೆಗೆ ಅಂಟಿಸಬೇಕು.

ಇಂಗ್ಲೆಂಡಿನ ಹಾದಿ ಬೇರೆ. 2000ದಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ ಹಿಂಸೆಗೆ ಸಿಕ್ಕು ಸತ್ತಳು, ವಿಚಾರಣೆ ನಡೆಯಿತು, ನಿಯಮಗಳು ಬಂದವು. ನಂತರ ಇನ್ನೊಂದು ಸಾವು, ಇನ್ನಷ್ಟು ನಿಯಮ. 2011ರಲ್ಲಿ ಐಲೀನ್ ಮುನ್ರೋ ಸರ್ಕಾರಕ್ಕೆ ಕೊಟ್ಟ ವರದಿಯ ತಿರುಳು ಇಷ್ಟು: ಪ್ರತಿ ದುರಂತದ ಬಳಿಕ ಸೇರಿಸಿದ ನಮೂನೆ, ಗಡುವು, ಪಟ್ಟಿಗಳೇ ಕಾರ್ಯಕರ್ತರನ್ನು ಮಗುವಿನಿಂದ ದೂರ ತಳ್ಳಿವೆ, ನಿಯಮ ಪಾಲಿಸಿದ್ದಾರೆಯೇ ಎಂದು ನೋಡುವ ವ್ಯವಸ್ಥೆ ಮಗುವಿಗೆ ಒಳಿತಾಯಿತೇ ಎಂದು ನೋಡುವುದನ್ನೇ ಮರೆತಿದೆ.

ನಮ್ಮಲ್ಲಿ? ಮಗುವಿನ ಬಗ್ಗೆ ಅಧ್ಯಯನಗಳಿವೆ, ಒಳ್ಳೆಯವೇ ಇವೆ. ಬೆಂಗಳೂರಿನ ಬೀದಿಮಕ್ಕಳ ಸ್ಥಿತಿಗತಿಯ ಬಗ್ಗೆ ನಂದನಾ ರೆಡ್ಡಿ ಮಾಡಿದ ಅಧ್ಯಯನವನ್ನು 1992ರಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಪ್ರಕಟಿಸಿತು. ಅದಕ್ಕೂ ಮೊದಲು, 1980ರಲ್ಲಿ, ಸಲೇಷಿಯನ್ ಕ್ರೈಸ್ತ ಸಭೆಯ ವಿದ್ಯಾರ್ಥಿಗಳು ನಗರದ ಬೀದಿಮಕ್ಕಳ ನಡುವೆ ಕೂತು ಕಟ್ಟಿದ ಸಂಘ ‘ಬಾಸ್ಕೋ’, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ. ಸಂಘದ ಹೆಸರಿನಲ್ಲೇ ‘ಓಣಿಯವರು’ ಇರುವುದು ಎಷ್ಟು ಹಿತ! ರಾಯಚೂರಿನ ರೈಲ್ವೆ ಪ್ಲಾಟ್‌ಫಾರ್ಮಿನಿಂದ ಆರಂಭಿಸಿದ ‘ಸಾಥಿ’ ಸಂಸ್ಥೆ, ಮನೆ ಬಿಟ್ಟು ಬಂದ ಮಕ್ಕಳನ್ನು ಬೇಗ ಮನೆಗೆ ಮುಟ್ಟಿಸುವ ಪಾಠವನ್ನು ಕಲಿತು ಬರೆದಿಟ್ಟಿತು. ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಮತ್ತು ಕಾನೂನು ಕೇಂದ್ರ 2017ರಲ್ಲಿ ಕರ್ನಾಟಕದ ಪೋಕ್ಸೊ ವಿಶೇಷ ನ್ಯಾಯಾಲಯಗಳ ಕುರಿತು ವರದಿ ಕೊಟ್ಟಿತು. ನಿಮ್ಹಾನ್ಸ್‌ನಲ್ಲಿ 2014ರಿಂದ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜೊತೆಗೂಡಿ ಸಮುದಾಯ ಮಕ್ಕಳ ಮಾನಸಿಕ ಆರೋಗ್ಯದ ಕೆಲಸ ನಡೆಯಿತು. ಶೇಖರ್ ಶೇಷಾದ್ರಿ, ಶೀಲಾ ರಾಮಸ್ವಾಮಿ ಮತ್ತು ಅವರ ತಂಡ ಅಂಗನವಾಡಿಗಳಿಗೂ ಮಕ್ಕಳ ಮನೆಗಳಿಗೂ ಹೋಗಿ ಕಲಿತದ್ದನ್ನೆಲ್ಲ ತರಬೇತಿಯಾಗಿ ರೂಪಿಸಿದರು. 2020ರಲ್ಲಿ ಅದು ಕೇಂದ್ರ ಸರ್ಕಾರದ ನೆರವಿನ ‘ಸಂವಾದ್’ ಆಗಿ ದೇಶಕ್ಕೆಲ್ಲ ಹರಡಿತು. ಹೊಸೂರು ರಸ್ತೆಯ ಸರ್ಕಾರಿ ಬಾಲಮಂದಿರಕ್ಕೂ ನಿಮ್ಹಾನ್ಸ್‌ಗೂ ನಡೆದು ಹೋಗುವಷ್ಟು ದೂರ. ಇಂಥ ನೆರೆಹೊರೆ ಬೇರೆ ಎಷ್ಟು ನಗರಗಳಿಗಿದೆ?

ಆದರೆ ತರಬೇತಿ ಪಡೆದವರು ಎರಡು ವರ್ಷದ ನಂತರ ಎಲ್ಲಿದ್ದಾರೆ? ಅದನ್ನು ಹಿಂಬಾಲಿಸುವ ಅಧ್ಯಯನ ನಮಗೆ ಬೇಕು. ತರಬೇತಿಯ ಮೊದಲು ಪರೀಕ್ಷೆ, ಕೊನೆಗೆ ಪರೀಕ್ಷೆ, ಅಂಕ ಹೆಚ್ಚಾಗಿದೆ ಎಂಬ ತೀರ್ಮಾನ: ನಮ್ಮ ಸಾಮರ್ಥ್ಯವೃದ್ಧಿ ವರದಿಗಳ ಮಾಮೂಲು ಅಚ್ಚು ಇದು. ಅಂಕ ಹೆಚ್ಚಿಸಿಕೊಂಡ ಕಾರ್ಯಕರ್ತೆ ಮಾರ್ಚ್‌ನಲ್ಲಿ ಗುತ್ತಿಗೆ ಮುಗಿದು ಮನೆಗೆ ಹೋದರೆ ಆ ಕಲಿಕೆಯೂ ಅವಳೊಂದಿಗೇ ಹೋಗುತ್ತದೆ. 2023ರಲ್ಲಿ 1098 ಮಕ್ಕಳ ಸಹಾಯವಾಣಿಯನ್ನು ಚೈಲ್ಡ್‌ಲೈನ್ ಪ್ರತಿಷ್ಠಾನದಿಂದ ಸರ್ಕಾರ ತನ್ನ ಕೈಗೆ ತೆಗೆದುಕೊಂಡು ತುರ್ತು ಕರೆಯ 112ರ ವ್ಯವಸ್ಥೆಗೆ ಜೋಡಿಸಿತು. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಊರೂರಿಗೆ ಹಬ್ಬಿದ ಜಾಲ ಅದು; ಬೆಂಗಳೂರಿನಲ್ಲಿ ಬಾಸ್ಕೋ, ಆಪ್ಸಾದಂಥ ಸಂಘಗಳ ಜನ ಅದಕ್ಕೆ ದುಡಿದಿದ್ದರು. ಸರ್ಕಾರ ಹೊಣೆ ಹೊತ್ತದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಯಾವ ಬಸ್ ನಿಲ್ದಾಣದ ಯಾವ ಟೀ ಅಂಗಡಿಯವನು ಫೋನ್ ಮಾಡುತ್ತಾನೆ, ಯಾವ ಠಾಣೆಯಲ್ಲಿ ಯಾರನ್ನು ಕೇಳಿದರೆ ಕೆಲಸವಾಗುತ್ತದೆ ಎಂಬ ಜ್ಞಾನ ಯಾವ ಹಸ್ತಾಂತರ ಪತ್ರದಲ್ಲೂ ಬರೆಯಲಾಗದ್ದು.

ಸಂಶೋಧಕರ ಕಣ್ಣಿಗೆ ಬೀಳದ ಇನ್ನೊಂದು ಗುಂಪಿದೆ. 2018ರಲ್ಲಿ ಕೇಂದ್ರ ಸರ್ಕಾರ ಹೊರತಂದ ದೇಶವ್ಯಾಪಿ ಸಮೀಕ್ಷೆಯಲ್ಲಿ 9,589 ಮಕ್ಕಳ ಪಾಲನಾ ಸಂಸ್ಥೆಗಳು ಲೆಕ್ಕಕ್ಕೆ ಸಿಕ್ಕವು. ನೂರಕ್ಕೆ 91 ಸ್ವಯಂಸೇವಾ ಸಂಸ್ಥೆಗಳವು. ಒಟ್ಟು ಮಕ್ಕಳು 3.7 ಲಕ್ಷಕ್ಕೂ ಹೆಚ್ಚು. ಆ ಮಕ್ಕಳು ದಿನದಲ್ಲಿ ಹೆಚ್ಚು ಹೊತ್ತು ಕಳೆಯುವುದು ಸಮಾಜಕಾರ್ಯಕರ್ತರ ಜೊತೆಗಲ್ಲ. ಗೃಹಮಾತೆ, ಅಡುಗೆಯವರು, ರಾತ್ರಿ ಕಾವಲಿನವರು, ಆಯಾ ಇವರ ಜೊತೆ. ಮಕ್ಕಳ ಬಾಯಲ್ಲಿ ಇವರೇ ‘ಅಮ್ಮ’, ‘ಅಕ್ಕ’, ‘ಅಣ್ಣ’. ಜ್ವರ ಬಂದ ರಾತ್ರಿ ಎದ್ದು ಕೂರುವವರು ಇವರೇ, ಹೊಡೆಯುವವರಿದ್ದರೆ ಅವರೂ ಇವರಲ್ಲೇ. ರೊಮೇನಿಯದ ಬುಕಾರೆಸ್ಟ್‌ನಲ್ಲಿ 2000ದಿಂದ 136 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ ತೋರಿಸಿದ್ದು, ಸಂಸ್ಥೆಯಲ್ಲೇ ಉಳಿದ ಶಿಶುಗಳಿಗಿಂತ ಸಾಕುಕುಟುಂಬ ಸೇರಿದ ಶಿಶುಗಳ ಬುದ್ಧಿ, ಬಾಂಧವ್ಯ ಚೆನ್ನಾಗಿ ಬೆಳೆದವು ಎಂದು. ಬೇಗ ಸೇರಿದಷ್ಟೂ ಒಳ್ಳೆಯದು. ಪಾಳಿ ಬದಲಾದಂತೆ ಬದಲಾಗುವ ಮುಖಗಳ ನಡುವೆ ಶಿಶುವಿಗೆ ‘ಇವರು ನನ್ನವರು’ ಎನ್ನುವವರೇ ಸಿಗುವುದಿಲ್ಲ. ಹೀಗಿದ್ದೂ ನಮ್ಮ ಗೃಹಮಾತೆಯರ ವಯಸ್ಸೆಷ್ಟು, ಓದೆಷ್ಟು, ರಜೆಯೆಷ್ಟು, ಎಷ್ಟು ಮಕ್ಕಳಿಗೆ ಒಬ್ಬರು, ಎಷ್ಟು ತಿಂಗಳಿಗೆ ಬದಲಾಗುತ್ತಾರೆ ಎಂಬುದನ್ನು ಕೇಂದ್ರಕ್ಕಿಟ್ಟು ಬರೆದ ಪ್ರಬಂಧಗಳು ಎಷ್ಟಿವೆ? ಮನೆ ಸೂಪರಿಂಟೆಂಡೆಂಟರನ್ನು ಸಂದರ್ಶಿಸಿ ಬರುವುದು ಸುಲಭ. ಅಡುಗೆಮನೆಯಲ್ಲಿ ಕೂತು ಕೇಳುವುದು ಕಷ್ಟ.

ಸಮಾಜಕಾರ್ಯದ ವಿದ್ಯಾರ್ಥಿಗಳ ಬಗ್ಗೆಯೂ ಒಂದು ಮಾತು. ವಾರಕ್ಕೆರಡು ದಿನ ಫೀಲ್ಡ್‌ವರ್ಕ್ ಎಂದು ಮಕ್ಕಳ ಮನೆಗಳಿಗೆ ಬರುತ್ತಾರೆ, ಆಡಿಸುತ್ತಾರೆ, ಹಾಡು ಕಲಿಸುತ್ತಾರೆ, ಕೇಸ್ ಸ್ಟಡಿ ಬರೆದುಕೊಳ್ಳುತ್ತಾರೆ, ಸೆಮಿಸ್ಟರ್ ಮುಗಿದ ಮೇಲೆ ಬರುವುದಿಲ್ಲ. ಜೂನ್‌ನಲ್ಲೋ ಆಗಸ್ಟ್‌ನಲ್ಲೋ ಹೊಸ ತಂಡ. ‘ನೀವೆಷ್ಟು ದಿನ ಇರ್ತೀರ ಅಕ್ಕಾ?’ ಎಂದು ಮಕ್ಕಳು ಮೊದಲ ದಿನವೇ ಕೇಳುವುದನ್ನು ಈ ಮನೆಗಳಿಗೆ ಹೋದವರೆಲ್ಲ ಬಲ್ಲರು. ವಿದ್ಯಾರ್ಥಿಗಳು ಬರೆದ ಕಿರುಪ್ರಬಂಧಗಳು ವಿಭಾಗದ ಕಪಾಟಿನಲ್ಲಿ ರೆಕ್ಸಿನ್ ಹೊದಿಕೆಯೊಳಗೆ ಉಳಿಯುತ್ತವೆ. ಮಂಗಳೂರಿನ ರೋಶನಿ ನಿಲಯ 1960ರಲ್ಲೇ ಸಮಾಜಕಾರ್ಯ ಕಲಿಸಲು ತೊಡಗಿತು. ಅರವತ್ತು ವರ್ಷಗಳಲ್ಲಿ ರಾಜ್ಯದ ವಿಭಾಗಗಳಲ್ಲೆಲ್ಲ ಸೇರಿದ ಆ ಬರಹದ ರಾಶಿಯನ್ನು ಯಾರಾದರೂ ಒಟ್ಟಿಗೆ ಓದಿದರೆ ಅದೇ ಒಂದು ಸಂಶೋಧನೆ.

ಕನ್ನಡದಲ್ಲಿ ಈ ವಿದ್ಯೆಯನ್ನು ಬರೆದವರು ಇಲ್ಲದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕಲಿಸಿದ ಎಚ್.ಎಂ. ಮರುಳಸಿದ್ಧಯ್ಯ ಮಾಕುಂಟಿ ಎಂಬ ಹಳ್ಳಿಯ ಮುದುಕರ ಬದುಕನ್ನು ಅಧ್ಯಯನ ಮಾಡಿದವರು. ಸಮಾಜಕಾರ್ಯದ ಪರಿಭಾಷೆಯನ್ನು ಕನ್ನಡಕ್ಕೆ ಒಗ್ಗಿಸಲು ಬದುಕಿಡೀ ದುಡಿದರು. ‘ಸಮಾಜಕಾರ್ಯದ ಹೆಜ್ಜೆಗಳು’ ಪತ್ರಿಕೆ ಆ ಜಾಡಿನಲ್ಲಿ ನಡೆದಿದೆ. ಆದರೂ ನಿಮ್ಹಾನ್ಸ್‌ನವರ, ಕಾನೂನು ಶಾಲೆಯವರ ವರದಿ ಪ್ರಕಟವಾಗುವುದು ಇಂಗ್ಲಿಷಿನಲ್ಲಿ; ಯಾರ ಕೆಲಸದ ಬಗ್ಗೆ ಆ ವರದಿಯಿದೆಯೋ ಅವರು ದಿನಚರಿ ಬರೆಯುವುದು ಕನ್ನಡದಲ್ಲಿ. ಪರಸ್ಪರ ಓದುವುದು ಅಪರೂಪ.

ವೃತ್ತಿಗೊಂದು ಮಾನ್ಯತೆ ಬಂದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. 2021ರ ಆರೋಗ್ಯಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿತು. ಅದು ಆಸ್ಪತ್ರೆಯವರಿಗೆ. ಮಾರುಕಟ್ಟೆಯಲ್ಲಿ ಅಲೆಯುವ ಔಟ್‌ರೀಚ್ ಹುಡುಗನಿಗೆ ಅಂಥ ನೋಂದಣಿಯಿಲ್ಲ. ಇದ್ದರೆ ಒಳ್ಳೆಯದೇ, ಆದರೆ 10,592 ರೂಪಾಯಿಯನ್ನು ಪರವಾನಗಿ ಹೆಚ್ಚಿಸುವುದಿಲ್ಲ. ಸುಪ್ರೀಂ ಕೋರ್ಟ್ 2018ರ ಸಂಪೂರ್ಣ ಬೆಹುರಾ ಪ್ರಕರಣದ ತೀರ್ಪಿನಲ್ಲಿ ಖಾಲಿ ಹುದ್ದೆ ತುಂಬಿ ಎಂದು ರಾಜ್ಯಗಳಿಗೆ ಹೇಳಿತು. ತುಂಬಿದ ಹುದ್ದೆ ಮತ್ತೆ ಖಾಲಿಯಾಗುವ ವೇಗವನ್ನು ತೀರ್ಪೊಂದು ತಡೆಯಲಾರದು.

ಇದೆಲ್ಲ ಈಗ ಇನ್ನಷ್ಟು ತುರ್ತಾಗಿರುವುದಕ್ಕೆ ಕಾರಣವಿದೆ. ಮಗುವನ್ನು ಸಂಸ್ಥೆಯಲ್ಲಿಡುವ ಬದಲು ಮನೆಯಲ್ಲೇ ಉಳಿಸಿ ನೆರವಾಗಬೇಕೆಂಬುದು ಇಂದಿನ ನೀತಿ. ‘ಮಿಷನ್ ವಾತ್ಸಲ್ಯ’ದ ಪ್ರಾಯೋಜಕತ್ವದ ನೆರವಿನಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಬುಕಾರೆಸ್ಟ್‌ನ ಪಾಠವೂ ಅದೇ, ನೀತಿ ಸರಿಯಾಗಿದೆ. ಆದರೆ ನೂರು ಮಕ್ಕಳು ಒಂದು ಕಟ್ಟಡದಲ್ಲಿದ್ದರೆ ನೋಡಲು ಒಂದು ದಿನ ಸಾಕು. ಅದೇ ನೂರು ಮಕ್ಕಳು ಆವಲಹಳ್ಳಿಯಿಂದ ಆನೇಕಲ್‌ವರೆಗೆ ನೂರು ಮನೆಗಳಲ್ಲಿದ್ದರೆ ನೂರು ಹೋಮ್ ವಿಸಿಟ್. ಕೆಲಸ ಹತ್ತು ಪಟ್ಟಾಯಿತು, ಸಮಾಜಕಾರ್ಯಕರ್ತರು ಇಬ್ಬರೇ. ಭೇಟಿ ಫೋನಿನಲ್ಲಿ ಮುಗಿಯುತ್ತದೆ, ಪೋರ್ಟಲ್ಲಿನಲ್ಲಿ ಅದು ಭೇಟಿ ಎಂದೇ ದಾಖಲಾಗುತ್ತದೆ. ಇದು ಸುಳ್ಳು ಹೇಳುವವರ ದೋಷ ಎನ್ನುವುದಕ್ಕಿಂತ, ಸುಳ್ಳು ಹೇಳದೆ ಮುಗಿಸಲಾಗದ ಕೆಲಸ ಕೊಟ್ಟವರ ದೋಷ ಎನ್ನುತ್ತೇನೆ.

ಇಲ್ಲೇ ಮಾಡಬಹುದಾದ ಅಧ್ಯಯನವೊಂದಿದೆ. ದೊಡ್ಡ ಹಣ ಬೇಡ, ವಿದೇಶಿ ಪ್ರಶ್ನಾವಳಿ ಬೇಡ. 2016ರ ಮಾದರಿ ನಿಯಮಗಳ ನಮೂನೆ 7 ಪ್ರತಿ ಮಗುವಿನ ವೈಯಕ್ತಿಕ ಪಾಲನಾ ಯೋಜನೆ. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಪ್ರಗತಿ ವರದಿ ಬರೆಯಬೇಕು, ಸಹಿ ಹಾಕಬೇಕು. ನಮೂನೆ 22 ತನಿಖಾ ವರದಿ, ಅದಕ್ಕೂ ಸಹಿ. ಬೆಂಗಳೂರಿನ ಮಕ್ಕಳ ಮನೆಗಳಿಂದ ಕಳೆದ ಐದು ವರ್ಷದಲ್ಲಿ ಹೊರಹೋದ ಮಕ್ಕಳ ಕಡತ ತೆರೆದು ಪ್ರತಿ ಕಡತದಲ್ಲಿ ಎಷ್ಟು ಬೇರೆ ಬೇರೆ ಸಹಿಗಳಿವೆ, ಒಂದು ಸಹಿಗೂ ಮುಂದಿನದಕ್ಕೂ ನಡುವೆ ಎಷ್ಟು ತಿಂಗಳು ಯಾವ ವರದಿಯೂ ಇಲ್ಲದೆ ಹೋಗಿದೆ, ಮಗು ಮನೆ ಸೇರಿತೋ ಇನ್ನೊಂದು ಸಂಸ್ಥೆ ಸೇರಿತೋ ಎಂದು ಎಣಿಸಿದರೆ ಸಾಕು. ಮಗು ಅಲ್ಲಿ ಉಳಿದ ಕಾಲಾವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಿಲ್ವಾಕಿಯವರ ಕೋಷ್ಟಕದ ದೋಷವೂ ತಪ್ಪುತ್ತದೆ. ಕಾಯ್ದೆಯ 99ನೇ ಕಲಂ ಈ ವರದಿಗಳನ್ನು ಗೋಪ್ಯವಾಗಿಡಬೇಕೆನ್ನುತ್ತದೆ, ಅದು ಸರಿಯೇ. ಸಹಿ ಎಣಿಸುವುದಕ್ಕೆ ಮಗುವಿನ ಹೆಸರು ಬೇಕಿಲ್ಲ, ಸಹಿ ಮಾಡಿದವರ ಹೆಸರೂ ಬೇಕಿಲ್ಲ. ಘಟಕದ ಸಿಬ್ಬಂದಿಯೇ ಹೆಸರುಗಳನ್ನು ಮುಚ್ಚಿ ಕ್ರಮಸಂಖ್ಯೆ ಕೊಟ್ಟು ಎಣಿಸಿಕೊಡಬಹುದು. ಅನುಮತಿ ಕೊಡಬೇಕಾದ ಇಲಾಖೆ, ಎಣಿಸಬಲ್ಲ ನಿಮ್ಹಾನ್ಸ್ ಮತ್ತು ಕಾನೂನು ಶಾಲೆ, ಕೈಜೋಡಿಸಬಲ್ಲ ವಿದ್ಯಾರ್ಥಿಗಳು ಎಲ್ಲರೂ ಇದೇ ಊರಿನಲ್ಲಿದ್ದಾರೆ.